ಅಲೈನರ್: ಸೊಟ್ಟ ಹಲ್ಲು ನೇರವಾಗಲು ನಿಜಕ್ಕೂ ಎಷ್ಟು ಕಾಲ ಬೇಕು?

ಹಲ್ಲಿಗೆ ಕ್ಲಿಪ್ ಹಾಕಿಸುವುದೆಂದರೆ ಕೆಲವು ವರ್ಷಗಳ ಹಿಂದಿನವರೆಗೆ ಹೈಸ್ಕೂಲು ಮಕ್ಕಳಿಗಷ್ಟೇ ಸಂಬಂಧಿಸಿದ ವಿಷಯವಾಗಿತ್ತು. ಆ ವಯಸ್ಸಿನಲ್ಲಿ ಚಿಕಿತ್ಸೆ ಪಡೆಯಲಾಗದವರು ಉಬ್ಬುಹಲ್ಲನ್ನೋ ಸೊಟ್ಟ ಹಲ್ಲನ್ನೋ ಹಣೆಬರಹವೆಂದು ಒಪ್ಪಿಕೊಂಡು, ಫೋಟೊ ತೆಗೆಯುವಾಗ ತುಟಿ ಬಿಗಿಹಿಡಿಯುತ್ತಿದ್ದರು. ಈಗ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ನಗರಗಳ ದಂತ ಚಿಕಿತ್ಸಾಲಯಗಳಲ್ಲಿ ಮೂವತ್ತು, ನಲವತ್ತು ದಾಟಿದವರೂ ಹಲ್ಲಿನ ಸಾಲು ಸರಿಪಡಿಸಿಕೊಳ್ಳಲು ಬಂದು ಕುಳಿತಿರುವುದು ಅಪರೂಪದ ದೃಶ್ಯವೇನಲ್ಲ. ಈ ಬದಲಾವಣೆಗೆ ಒಂದು ಮುಖ್ಯ ಕಾರಣ ಅಲೈನರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಕವಚ. ಹಲ್ಲಿನ ಮೇಲೆ ತೊಟ್ಟುಕೊಂಡರೆ ಎದುರಿಗೆ ಕುಳಿತವರಿಗೂ ಥಟ್ಟನೆ ಗೊತ್ತಾಗದು. ಊಟಕ್ಕೆ ಕೂರುವಾಗ ತೆಗೆದಿಡಬಹುದು.

ಈ ಚಿಕಿತ್ಸೆಗೆ ಮನಸ್ಸು ಮಾಡಿದವರಲ್ಲಿ ಹಲವರಿಗೆ ಒಂದು ಗಡುವು ಇರುತ್ತದೆ. ಮದುವೆಯ ದಿನ ಗೊತ್ತಾಗಿರುತ್ತದೆ, ಹೊಸ ನೌಕರಿಗೆ ಸೇರಬೇಕಿರುತ್ತದೆ, ಇಲ್ಲವೇ ಓದಿಗೆಂದು ವಿದೇಶಕ್ಕೆ ಹೊರಡಬೇಕಿರುತ್ತದೆ. ಆರೇ ತಿಂಗಳಲ್ಲಿ ಮುತ್ತಿನಂಥ ಹಲ್ಲು ಎಂಬ ಜಾಹೀರಾತು ಇಂಥವರ ಕಣ್ಣಿಗೇ ಮೊದಲು ಬೀಳುತ್ತದೆ. ಆ ಆರು ತಿಂಗಳು ಎಷ್ಟರಮಟ್ಟಿಗೆ ನಿಜ?

ಸ್ಥೂಲವಾಗಿ ಹೇಳುವುದಾದರೆ, ಮುಂದಿನ ಹಲ್ಲುಗಳಲ್ಲಿ ಸಣ್ಣ ಸಂದು ಅಥವಾ ಅಲ್ಪ ಸೊಟ್ಟತನವಿದ್ದರೆ 4ರಿಂದ 8 ತಿಂಗಳು. ಮಧ್ಯಮ ಪ್ರಮಾಣದ ದೋಷಕ್ಕೆ 12ರಿಂದ 18 ತಿಂಗಳು. ಹಲ್ಲು ಕೀಳಿಸಿ ಜಾಗ ಮಾಡಬೇಕಾದ ಅಥವಾ ಮೇಲಿನ ಕೆಳಗಿನ ಸಾಲುಗಳ ಹೊಂದಾಣಿಕೆಯೇ ತಪ್ಪಿರುವ ಪ್ರಕರಣಗಳಿಗೆ 18ರಿಂದ 24 ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಆದರೆ ಈ ಅಂಕಿಗಳ ಹಿಂದಿರುವ ಲೆಕ್ಕ ತಿಳಿಯದಿದ್ದರೆ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಅವಧಿಯನ್ನು ನಿರ್ಧರಿಸುವುದು ಕಂಪನಿಯ ಹೆಸರಲ್ಲ, ಪ್ಲಾಸ್ಟಿಕ್‌ನ ಗುಣಮಟ್ಟವೊಂದೇ ಅಲ್ಲ. ಹಲ್ಲನ್ನು ಹಿಡಿದಿಟ್ಟಿರುವ ಮೂಳೆ ಮತ್ತು ಕವಚ ಧರಿಸುವವರ ಶಿಸ್ತು, ಇವೆರಡೇ ಮುಖ್ಯ.

ಕ್ಲಿಪ್‌ನಿಂದ ಕವಚದವರೆಗೆ

ತಂತಿಯಿಲ್ಲದೆ ಹಲ್ಲು ಸರಿಸುವ ಆಲೋಚನೆ ಹೊಸದೇನಲ್ಲ. ಅಮೆರಿಕದ ದಂತವೈದ್ಯ ಹೆರಾಲ್ಡ್ ಕೆಸ್ಲಿಂಗ್ 1940ರ ದಶಕದಲ್ಲೇ ರಬ್ಬರಿನ ಒಂದು ಸಾಧನವನ್ನು ರೂಪಿಸಿದ್ದರು. ಕ್ಲಿಪ್ ತೆಗೆದ ಬಳಿಕ ಉಳಿದ ಸಣ್ಣಪುಟ್ಟ ದೋಷಗಳನ್ನು ಅದು ತಿದ್ದುತ್ತಿತ್ತು. ಹಲ್ಲನ್ನು ಹಂತಹಂತವಾಗಿ ಸರಿಸಬೇಕಾದರೆ ಪ್ರತಿ ಹಂತಕ್ಕೂ ಒಂದೊಂದು ಅಚ್ಚನ್ನು ಕೈಯಿಂದಲೇ ತಯಾರಿಸಬೇಕಿದ್ದುದರಿಂದ ಈ ವಿಧಾನ ವ್ಯಾಪಕವಾಗಲಿಲ್ಲ.

ಆ ತೊಡಕನ್ನು ನಿವಾರಿಸಿದ್ದು ಕಂಪ್ಯೂಟರ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯವಹಾರ ಆಡಳಿತ ಓದಿದ ಜಿಯಾ ಚಿಶ್ತಿ ಮತ್ತು ಕೆಲ್ಸಿ ವರ್ತ್ 1997ರಲ್ಲಿ ಅಲೈನ್ ಟೆಕ್ನಾಲಜಿ ಎಂಬ ಕಂಪನಿ ಸ್ಥಾಪಿಸಿದರು. ವಯಸ್ಕರಾದ ಮೇಲೆ ಹಲ್ಲಿನ ಚಿಕಿತ್ಸೆ ಪಡೆದಿದ್ದ ಚಿಶ್ತಿ ಅವರಿಗೆ, ಚಿಕಿತ್ಸೆಯ ಕೊನೆಯಲ್ಲಿ ಕೊಡುವ ರಿಟೇನರ್ ಹಲ್ಲನ್ನು ಅಲ್ಪಸ್ವಲ್ಪ ಸರಿಸಬಲ್ಲದಾದರೆ ಅಂಥ ಸಾಧನಗಳ ಸರಣಿಯೊಂದು ಹೆಚ್ಚು ದೂರ ಸರಿಸಲಾರದೇಕೆ ಎಂಬ ಯೋಚನೆ ಬಂದಿತ್ತು. ಹಲ್ಲಿನ ಸಾಲನ್ನು ಕಂಪ್ಯೂಟರಿಗೆ ಇಳಿಸಿ, ಪರದೆಯ ಮೇಲೆ ಅದನ್ನು ತುಸುತುಸುವೇ ಸರಿಪಡಿಸಿ, ಪ್ರತಿ ಹಂತಕ್ಕೂ ಒಂದು ಕವಚ ತಯಾರಿಸುವ ಈ ವಿಧಾನಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1998ರಲ್ಲಿ ಅನುಮತಿ ನೀಡಿತು. ಇನ್‌ವಿಸಲೈನ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಕಂಪನಿಯ ಆರಂಭಿಕ ಪೇಟೆಂಟ್‌ಗಳಲ್ಲಿ ಹಲವು 2017ರಲ್ಲಿ ಅವಧಿ ಮುಗಿಸಿದ ಮೇಲೆ ಬೇರೆ ಬೇರೆ ಕಂಪನಿಗಳು ಈ ಕ್ಷೇತ್ರಕ್ಕೆ ಇಳಿದವು. ಭಾರತದಲ್ಲೂ ಹಲವು ಹೆಸರುಗಳು ಕಾಣಿಸಿಕೊಂಡಿವೆ. ಪೈಪೋಟಿ ಹೆಚ್ಚಿದಂತೆ ಅವಧಿಯ ಬಗೆಗಿನ ಭರವಸೆಗಳೂ ಹೆಚ್ಚಿವೆ.

ಹಲ್ಲು ಚಲಿಸುವ ಬಗೆ

ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಮೂಳೆಯಲ್ಲಿ ನಾಟಿಕೊಂಡಿಲ್ಲ. ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ನಾರಿನಂಥ ತೆಳುವಾದ ಅಂಗಾಂಶವೊಂದಿದೆ. ಅದರ ದಪ್ಪ ಸುಮಾರು 0.2 ಮಿಲಿಮೀಟರ್ ಮಾತ್ರ. ಹಲ್ಲು ಮೂಳೆಗೆ ಅಂಟಿಕೊಳ್ಳದೆ ಈ ನಾರುಗಳ ಆಧಾರದಲ್ಲಿ ತೂಗಿಕೊಂಡಂತೆ ಇರುವುದರಿಂದಲೇ ಅದನ್ನು ಸರಿಸಲು ಸಾಧ್ಯ.

ಹಲ್ಲಿನ ಮೇಲೆ ಒಂದು ದಿಕ್ಕಿನಿಂದ ಹಗುರವಾದ ಒತ್ತಡ ನಿರಂತರವಾಗಿ ಬಿದ್ದಾಗ, ಅದು ಒತ್ತುವ ಬದಿಯ ಮೂಳೆಯನ್ನು ದೇಹದ ವಿಶೇಷ ಜೀವಕೋಶಗಳು ಕರಗಿಸುತ್ತವೆ. ಹಿಂದೆ ಖಾಲಿಯಾಗುವ ಬದಿಯಲ್ಲಿ ಇನ್ನೊಂದು ಬಗೆಯ ಜೀವಕೋಶಗಳು ಹೊಸ ಮೂಳೆ ಕಟ್ಟುತ್ತವೆ. ಮುಂದೆ ಗುಂಡಿ ತೋಡುವವರು, ಹಿಂದೆ ಮಣ್ಣು ತುಂಬುವವರು ಇದ್ದಂತೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಟ್ 20ನೇ ಶತಮಾನದ ಆರಂಭದಲ್ಲೇ ನಾಯಿಗಳ ಮೇಲೆ ಪ್ರಯೋಗ ನಡೆಸಿ ಈ ಪ್ರಕ್ರಿಯೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ್ದರು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಸಾಧನಗಳು ಎಷ್ಟೋ ಬಾರಿ ಬದಲಾಗಿವೆ. ಮೂಳೆ ಕೆಲಸ ಮಾಡುವ ರೀತಿ ಬದಲಾಗಿಲ್ಲ.

ಒತ್ತಡ ಹೆಚ್ಚಿಸಿದರೆ ಹಲ್ಲು ಬೇಗ ಸರಿಯುತ್ತದೆ ಎಂಬ ಭಾವನೆ ಸಹಜ. ವಾಸ್ತವ ಅದಕ್ಕೆ ವಿರುದ್ಧ. ಅತಿಯಾದ ಒತ್ತಡ ಬಿದ್ದಾಗ ಬೇರಿನ ಸುತ್ತಲಿನ ಸೂಕ್ಷ್ಮ ರಕ್ತನಾಳಗಳು ಅಮುಕಿಹೋಗಿ ಅಲ್ಲಿನ ಅಂಗಾಂಶ ನಿರ್ಜೀವವಾಗುತ್ತದೆ. ಅದನ್ನು ದೇಹ ಶುಚಿಗೊಳಿಸುವ ತನಕ ಹಲ್ಲು ಇದ್ದಲ್ಲೇ ನಿಲ್ಲುತ್ತದೆ. ಬಲವಂತ ಮುಂದುವರಿದರೆ ಹಲ್ಲಿನ ಬೇರಿನ ತುದಿಯೇ ಸವೆದು ಮೊಟಕಾಗಬಹುದು, ವಸಡು ಕೆಳಗಿಳಿಯಬಹುದು. ಸವೆದ ಬೇರು ಮತ್ತೆ ಬೆಳೆಯದು. ಅವಸರ ಮಾಡಿದರೆ ತೆರಬೇಕಾದ ಬೆಲೆ ಇದು.

ಕಾಲು ಮಿಲಿಮೀಟರಿನ ಲೆಕ್ಕ

ಈ ಮಿತಿಯನ್ನು ಗಮನದಲ್ಲಿಟ್ಟುಕೊಂಡೇ ಪ್ರತಿ ಅಲೈನರ್ ಕವಚವನ್ನು ರೂಪಿಸಲಾಗುತ್ತದೆ. ಒಂದು ಕವಚ ಒಂದು ಹಲ್ಲನ್ನು ಸಾಮಾನ್ಯವಾಗಿ ಹೆಚ್ಚೆಂದರೆ 0.25 ಮಿಲಿಮೀಟರ್ ಸರಿಸುವಂತೆ ಯೋಜಿಸಿರುತ್ತಾರೆ. ತಿರುಚಿಕೊಂಡ ಹಲ್ಲನ್ನು ತಿರುಗಿಸುವುದಾದರೆ ಸುಮಾರು 2 ಡಿಗ್ರಿ. ಮೊದಲೆಲ್ಲ ಎರಡು ವಾರಕ್ಕೊಮ್ಮೆ ಕವಚ ಬದಲಿಸುವುದು ರೂಢಿಯಾಗಿತ್ತು. ಕವಚದ ಪ್ಲಾಸ್ಟಿಕ್ ಹಾಗೂ ಯೋಜನಾ ತಂತ್ರಾಂಶ ಸುಧಾರಿಸಿದ ಮೇಲೆ, ವಾರಕ್ಕೊಮ್ಮೆ ಬದಲಿಸಬಹುದೆಂದು ಅಲೈನ್ ಟೆಕ್ನಾಲಜಿ 2016ರಲ್ಲಿ ತನ್ನ ಶಿಫಾರಸನ್ನು ಬದಲಿಸಿತು. ಈಗ ಹಲವು ವೈದ್ಯರು 7ರಿಂದ 14 ದಿನಗಳ ನಡುವೆ, ರೋಗಿಯ ಸ್ಥಿತಿ ನೋಡಿ ಅವಧಿ ನಿಗದಿ ಮಾಡುತ್ತಾರೆ.

ಇಷ್ಟು ತಿಳಿದರೆ ಸರಳ ಲೆಕ್ಕ ಹಾಕಬಹುದು. ಮುಂದಿನ ಬಾಚಿಹಲ್ಲೊಂದು 2 ಮಿಲಿಮೀಟರ್ ಮುಂದಕ್ಕೆ ಚಾಚಿದೆಯೆಂದುಕೊಳ್ಳೋಣ. ಕಾಲು ಮಿಲಿಮೀಟರಿನಂತೆ 8 ಕವಚಗಳು ಬೇಕು. ವಾರಕ್ಕೊಂದರಂತೆ 8 ವಾರ, ಎರಡು ವಾರಕ್ಕೊಂದರಂತೆ 16 ವಾರ. ಆದರೆ ಬಾಯಿಯಲ್ಲಿ ಒಂದೇ ಹಲ್ಲು ಸರಿದರೆ ಸಾಲದು. ಅದಕ್ಕೆ ಜಾಗ ಕೊಡಲು ಅಕ್ಕಪಕ್ಕದವೂ ಕದಲಬೇಕು. ಎಲ್ಲವನ್ನೂ ಒಟ್ಟಿಗೆ ಎಳೆದರೆ ಆಧಾರಕ್ಕೆ ಯಾವುದೂ ಉಳಿಯದು. ಹೀಗಾಗಿ ಕೆಲವು ಹಲ್ಲುಗಳು ಮೊದಲು, ಕೆಲವು ನಂತರ ಎಂಬ ಸರದಿ ಅನಿವಾರ್ಯ. ಎಂಟು ಕವಚಗಳ ಕೆಲಸ ಹನ್ನೆರಡೋ ಹದಿನಾಲ್ಕೋ ಆಗುವುದು ಹೀಗೆ.

ಇನ್ನು ಹಲ್ಲುಗಳು ತೀರ ಒತ್ತಾಗಿದ್ದು, ಜಾಗಕ್ಕಾಗಿ ಕೋರೆಹಲ್ಲಿನ ಹಿಂದಿನ ಹಲ್ಲನ್ನು ಕೀಳಿಸಬೇಕಾದ ಪ್ರಕರಣ. ಆ ಹಲ್ಲಿನ ಅಗಲ ಸುಮಾರು 7 ಮಿಲಿಮೀಟರ್. ಆ ಜಾಗವನ್ನು ಪೂರ್ತಿ ಮುಚ್ಚಲು ಕಾಲು ಮಿಲಿಮೀಟರಿನ ಲೆಕ್ಕದಲ್ಲಿ 28 ಕವಚಗಳು. ವಾರಕ್ಕೊಂದರಂತೆ ಬದಲಿಸಿದರೂ ಆರೂವರೆ ತಿಂಗಳು, ಎರಡು ವಾರಕ್ಕೊಂದಾದರೆ 13 ತಿಂಗಳು. ಇದು ಕಾಗದದ ಮೇಲಿನ ಕನಿಷ್ಠ ಲೆಕ್ಕ. ಹಲ್ಲು ಓರೆಯಾಗದೆ ಬೇರುಸಹಿತ ನೇರವಾಗಿ ಸರಿಯಬೇಕಾದ್ದರಿಂದ ನಿಜವಾದ ಅವಧಿ ಇದನ್ನು ಸಲೀಸಾಗಿ ಮೀರುತ್ತದೆ. ಇಂಥವರಿಗೆ ಯಾರಾದರೂ ಆರು ತಿಂಗಳ ಭರವಸೆ ಕೊಟ್ಟರೆ, ಅದರ ಲೆಕ್ಕವನ್ನು ಕೇಳುವುದು ತಪ್ಪಲ್ಲ.

ಎಲ್ಲ ಚಲನೆಯೂ ಒಂದೇ ಅಲ್ಲ

ಅವಧಿಯ ಮೇಲೆ ದೂರದಷ್ಟೇ ಪ್ರಭಾವ ಬೀರುವುದು ಚಲನೆಯ ಬಗೆ. ಮುಂದಕ್ಕೆ ವಾಲಿದ ಹಲ್ಲನ್ನು ಹಿಂದಕ್ಕೆ ವಾಲಿಸುವುದು ಅಲೈನರ್‌ಗೆ ಸುಲಭದ ಕೆಲಸ. ಹಲ್ಲುಗಳ ನಡುವಿನ ಸಣ್ಣ ಸಂದು ಮುಚ್ಚುವುದೂ ಹಾಗೆಯೇ. ಆದರೆ ತಿರುಚಿಕೊಂಡ ಕೋರೆಹಲ್ಲನ್ನು ತಿರುಗಿಸುವುದು ಕಷ್ಟ. ಅದರ ಮೈ ದುಂಡಗಿರುವುದರಿಂದ ನುಣುಪಾದ ಪ್ಲಾಸ್ಟಿಕ್‌ಗೆ ಹಿಡಿತ ಸಿಗುವುದಿಲ್ಲ. ಮೇಲಕ್ಕೆ ಸಿಕ್ಕಿಕೊಂಡ ಹಲ್ಲನ್ನು ಕೆಳಕ್ಕೆ ಎಳೆಯುವುದು ಇನ್ನೂ ಕಷ್ಟ. ಇದಕ್ಕಾಗಿಯೇ ವೈದ್ಯರು ಕೆಲವು ಹಲ್ಲುಗಳ ಮೇಲೆ ಹಲ್ಲಿನ ಬಣ್ಣದ್ದೇ ಸಿಮೆಂಟಿನ ಸಣ್ಣ ಗುಬುಟುಗಳನ್ನು ಅಂಟಿಸುತ್ತಾರೆ. ಕವಚ ಅವುಗಳನ್ನು ಹಿಡಿಕೆಯಂತೆ ಬಳಸಿಕೊಳ್ಳುತ್ತದೆ. ಕೆಲವೊಮ್ಮೆ ಮೇಲಿನ ಮತ್ತು ಕೆಳಗಿನ ಸಾಲುಗಳ ನಡುವೆ ಸಣ್ಣ ರಬ್ಬರ್ ಬ್ಯಾಂಡ್ ಹಾಕಬೇಕಾಗುತ್ತದೆ. ಹಲ್ಲು ಕೀಳಿಸದೆಯೇ ಜಾಗ ಮಾಡಬೇಕಾದಲ್ಲಿ ಎರಡು ಹಲ್ಲುಗಳ ನಡುವಿನ ಎನಾಮೆಲ್ ಪದರವನ್ನು ಮಿಲಿಮೀಟರಿನ ಅರ್ಧದಷ್ಟೋ ಅದಕ್ಕಿಂತ ಕಡಿಮೆಯೋ ಉಜ್ಜಿ ತೆಗೆಯುವುದೂ ಉಂಟು.

ಪರದೆಯ ಮೇಲಿನ ಚಿತ್ರ ತೋರಿಸಿದಷ್ಟು ಚಲನೆ ಬಾಯಿಯಲ್ಲಿ ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಅಮೆರಿಕದ ಸಂಶೋಧಕರು ಎರಡು ಬಾರಿ ಪರೀಕ್ಷೆಗೆ ಒಡ್ಡಿದ್ದಾರೆ. ಅಲ್ಲಿನ ದಂತಪಂಕ್ತಿ ತಜ್ಞರ ನಿಯತಕಾಲಿಕದಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯೋಜಿಸಿದ ಚಲನೆಯಲ್ಲಿ ಸರಾಸರಿ ಶೇ 41ರಷ್ಟು ಮಾತ್ರ ಸಾಧಿತವಾಗಿತ್ತು. ಹಲ್ಲನ್ನು ವಸಡಿನಿಂದ ಹೊರಕ್ಕೆ ಎಳೆಯುವ ಚಲನೆಯಲ್ಲಂತೂ ಅದು ಶೇ 30ರ ಆಸುಪಾಸಿನಲ್ಲಿತ್ತು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ವೇಳೆಗೆ ಸರಾಸರಿ ಶೇ 50ಕ್ಕೆ ಏರಿತ್ತು. ಸುಧಾರಣೆ ಗಣನೀಯವೇ. ಆದರೂ ಮೊದಲ ಸರಣಿಯ ಕವಚಗಳು ಯೋಜನೆಯ ಅರ್ಧದಷ್ಟನ್ನು ಮಾತ್ರ ಪೂರೈಸುತ್ತವೆ ಎಂಬುದು ಇದರ ಅರ್ಥ.

ಉಳಿದ ಅರ್ಧಕ್ಕೇನು ಗತಿ? ಮೊದಲ ಸರಣಿ ಮುಗಿದ ಮೇಲೆ ವೈದ್ಯರು ಹಲ್ಲಿನ ಸಾಲನ್ನು ಮತ್ತೆ ಸ್ಕ್ಯಾನ್ ಮಾಡಿ, ಉಳಿದ ತಿದ್ದುಪಡಿಗೆಂದು ಎರಡನೇ ಸರಣಿಯನ್ನು ತರಿಸುತ್ತಾರೆ. ಹೊಸ ಕವಚ ಬರುವ ತನಕ ಕೆಲವು ವಾರ ಕಾಯಬೇಕು. ಬಂದ ಮೇಲೆ ಮತ್ತೆ ಕೆಲವು ತಿಂಗಳು ಧರಿಸಬೇಕು. ಇದು ಚಿಕಿತ್ಸೆ ವಿಫಲವಾದುದರ ಲಕ್ಷಣವಲ್ಲ, ಚಿಕಿತ್ಸೆಯ ಭಾಗವೇ. ಮೊದಲ ದಿನ ತೋರಿಸುವ ಕವಚಗಳ ಸಂಖ್ಯೆಯಲ್ಲಿ ಈ ಎರಡನೇ ಸರಣಿ ಸೇರಿರುವುದಿಲ್ಲ ಎಂಬುದನ್ನು ಹಲವರು ಅರಿತಿರುವುದಿಲ್ಲ. ಎಂಟು ತಿಂಗಳೆಂದು ಆರಂಭಿಸಿದ್ದು ಹದಿನಾಲ್ಕು ತಿಂಗಳಾದಾಗ ಹುಟ್ಟುವ ಅಸಮಾಧಾನದ ಮೂಲ ಇಲ್ಲಿದೆ.

ದಿನಕ್ಕೆ 22 ಗಂಟೆ

ಹಲ್ಲಿಗೆ ಅಂಟಿಸಿದ ಕ್ಲಿಪ್ ದಿನದ 24 ಗಂಟೆಯೂ ಕೆಲಸ ಮಾಡುತ್ತದೆ. ರೋಗಿ ಮರೆತರೂ ಅದು ಮರೆಯದು. ಅಲೈನರ್‌ನ ಅನುಕೂಲವೂ ಅನನುಕೂಲವೂ ಒಂದೇ: ಅದನ್ನು ತೆಗೆದಿಡಬಹುದು. ದಿನಕ್ಕೆ 20ರಿಂದ 22 ಗಂಟೆ ಕವಚ ಹಲ್ಲಿನ ಮೇಲಿರಬೇಕೆಂಬುದು ಸಾಮಾನ್ಯ ಸೂಚನೆ. ಅಂದರೆ ಊಟ, ತಿಂಡಿ, ಹಲ್ಲುಜ್ಜುವುದು ಎಲ್ಲಕ್ಕೂ ಸೇರಿ ಸಿಗುವುದು ಎರಡರಿಂದ ನಾಲ್ಕು ಗಂಟೆ.

ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟಗಳಿಗೆ ತಲಾ ಅರ್ಧ ಗಂಟೆ ಹಿಡಿದರೆ ಒಂದೂವರೆ ಗಂಟೆ. ಹಲ್ಲುಜ್ಜಲು ಇನ್ನರ್ಧ ಗಂಟೆ. ಇಲ್ಲಿಗೆ ಎರಡು ಗಂಟೆ ಮುಗಿಯಿತು. ಕಚೇರಿಯಲ್ಲಿ ಹನ್ನೊಂದರ ಕಾಫಿ, ನಾಲ್ಕರ ಚಹಾ, ಸಂಜೆ ಗೆಳೆಯರೊಡನೆ ಬೈಟು, ಅದರೊಂದಿಗೆ ಬಿಸಿ ಬೋಂಡಾ ಇವೆಲ್ಲ ಲೆಕ್ಕದ ಹೊರಗಿನವು. ಕವಚ ಧರಿಸಿಯೇ ಕಾಫಿ ಕುಡಿದರೆ ಅದಕ್ಕೆ ಕಲೆ ಹತ್ತುತ್ತದೆ. ಬಿಸಿ ಹೆಚ್ಚಾದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಸಕ್ಕರೆ ಕವಚದೊಳಗೆ ಉಳಿದು ಹಲ್ಲಿಗೆ ಹುಳುಕು ತರುತ್ತದೆ. ಅರಿಸಿನ ಹಾಕಿದ ಅಡುಗೆಯಿಂದ ಹಲ್ಲಿನ ಮೇಲಿನ ಗುಬುಟುಗಳು ಹಳದಿಯಾಗುತ್ತವೆ. ಎಲೆಅಡಿಕೆ ಹಾಕುವವರಿಗೂ ಈ ಚಿಕಿತ್ಸೆಗೂ ಹೊಂದಾಣಿಕೆ ಕಷ್ಟ. ಕವಚ ತೊಟ್ಟಿರುವಾಗ ತಣ್ಣೀರೊಂದೇ ನಿರಪಾಯಕಾರಿ. ಮದುವೆಮನೆ, ಜಾತ್ರೆ, ದೂರದ ಪ್ರಯಾಣಗಳಲ್ಲಿ ತೆಗೆದ ಕವಚವನ್ನು ಕಾಗದದಲ್ಲಿ ಸುತ್ತಿಟ್ಟು ಎಲೆಯೊಂದಿಗೆ ಎಸೆದುಬಿಡುವ ಸಂಭವವೂ ಉಂಟು.

ಕವಚವನ್ನು ದಿನಕ್ಕೆ 22ರ ಬದಲು 14 ಗಂಟೆ ಧರಿಸಿದರೆ ಚಿಕಿತ್ಸೆ ಅದೇ ಪ್ರಮಾಣದಲ್ಲಿ ತುಸು ನಿಧಾನವಾಗುತ್ತದಷ್ಟೇ ಎಂದು ಭಾವಿಸುವುದು ತಪ್ಪು. ಒತ್ತಡ ತಪ್ಪಿದ ಹಲ್ಲು ಹಳೆಯ ಸ್ಥಾನದತ್ತ ಹಿಂದಿರುಗಲು ಹವಣಿಸುತ್ತದೆ. ಮುಂದಿನ ಕವಚ ಹಿಂದಿನದರ ಕೆಲಸ ಪೂರ್ತಿಯಾಗಿದೆ ಎಂಬ ನಂಬಿಕೆಯ ಮೇಲೆ ತಯಾರಾಗಿರುವುದರಿಂದ ಅದು ಸರಿಯಾಗಿ ಕೂರುವುದಿಲ್ಲ. ಕವಚದ ಅಂಚಿಗೂ ಹಲ್ಲಿನ ತುದಿಗೂ ನಡುವೆ ಖಾಲಿ ಜಾಗ ಕಾಣತೊಡಗುತ್ತದೆ. ಹಾಗೆಯೇ ಮುಂದುವರಿದರೆ ಪ್ರತಿ ಕವಚದೊಂದಿಗೂ ಅಂತರ ಹೆಚ್ಚುತ್ತದೆ. ಕೊನೆಗೆ ಹಳೆಯ ಕವಚಕ್ಕೆ ಮರಳಬೇಕು, ಇಲ್ಲವೇ ಹೊಸದಾಗಿ ಅಳತೆ ಕೊಟ್ಟು ಮತ್ತೆ ಆರಂಭಿಸಬೇಕು. ದಿನಕ್ಕೆ ಕೆಲವು ಗಂಟೆಗಳ ಉದಾಸೀನ ಹಲವು ತಿಂಗಳುಗಳಾಗಿ ಬೆಳೆಯುವುದು ಹೀಗೆ.

ಕವಚಕ್ಕೆ ಮುನ್ನ

ಅವಧಿ ಲೆಕ್ಕ ಹಾಕುವಾಗ ಮೊದಲ ಕವಚ ಕೈಗೆ ಬರುವ ಮುನ್ನಿನ ಕಾಲವನ್ನೂ ಸೇರಿಸಬೇಕು. ಹಲ್ಲು, ಬೇರು ಮತ್ತು ದವಡೆಗಳ ಎಕ್ಸ್‌ರೇ ತೆಗೆಯಬೇಕು. ಹುಳುಕು ಹಲ್ಲುಗಳಿದ್ದರೆ ತುಂಬಿಸಬೇಕು. ಹಲ್ಲಿನ ಕಿಟ್ಟ ತೆಗೆಸಿ ವಸಡಿನ ರೋಗವನ್ನು ಹತೋಟಿಗೆ ತರಬೇಕು. ವಸಡು ಕೀವುಗಟ್ಟಿರುವಾಗ ಹಲ್ಲು ಸರಿಸಹೊರಟರೆ ಇರುವ ಮೂಳೆಯೂ ಕರಗಿ ಹಲ್ಲು ಅಲ್ಲಾಡತೊಡಗುತ್ತದೆ. ಇವೆಲ್ಲ ಮುಗಿದು, ಸ್ಕ್ಯಾನ್ ಆಗಿ, ಯೋಜನೆ ಒಪ್ಪಿಗೆಯಾಗಿ ಕವಚ ತಯಾರಾಗಿ ಬರಲು ಹಲವು ವಾರಗಳು ಹಿಡಿಯುತ್ತವೆ.

ವಯಸ್ಸಿನ ಪ್ರಶ್ನೆಯೂ ಇದೆ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ದವಡೆಯ ಬೆಳವಣಿಗೆಯನ್ನೇ ಚಿಕಿತ್ಸೆಗೆ ಬಳಸಿಕೊಳ್ಳಬಹುದು. ವಯಸ್ಕರಲ್ಲಿ ಆ ಅನುಕೂಲವಿಲ್ಲ. ಮೂಳೆಯ ಸ್ಪಂದನೆಯೂ ಆರಂಭದಲ್ಲಿ ತುಸು ನಿಧಾನ. ಹಾಗೆಂದು ಐವತ್ತು ದಾಟಿದವರಿಗೆ ಚಿಕಿತ್ಸೆ ಸಲ್ಲದು ಎಂದಲ್ಲ. ವಸಡು ಮತ್ತು ಮೂಳೆ ಆರೋಗ್ಯವಾಗಿದ್ದರೆ ಯಾವ ವಯಸ್ಸಿನಲ್ಲೂ ಹಲ್ಲು ಸರಿಯುತ್ತದೆ. ಹತೋಟಿಯಲ್ಲಿಲ್ಲದ ಮಧುಮೇಹ, ಧೂಮಪಾನ ಇವೆರಡೂ ವಸಡಿನ ಶತ್ರುಗಳು. ಮೂಳೆ ಸವೆತಕ್ಕೆ ನೀಡುವ ಬಿಸ್‌ಫಾಸ್ಫೊನೇಟ್ ವರ್ಗದ ಔಷಧಗಳು ಮೂಳೆ ಕರಗುವುದನ್ನೇ ತಡೆಯುವುದರಿಂದ ಹಲ್ಲಿನ ಚಲನೆ ಕುಂಠಿತವಾಗುತ್ತದೆ. ಐಬುಪ್ರೊಫೆನ್‌ನಂಥ ನೋವುನಿವಾರಕಗಳನ್ನು ದೀರ್ಘಕಾಲ ಸೇವಿಸಿದರೂ ಚಲನೆ ನಿಧಾನವಾಗುವ ಸಾಧ್ಯತೆ ಇದೆ. ಆದ್ದರಿಂದ ನಿತ್ಯ ಸೇವಿಸುವ ಮಾತ್ರೆಗಳ ವಿವರವನ್ನು ದಂತವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸುವುದು ಅಗತ್ಯ.

ಶೀಘ್ರ ಫಲದ ಭರವಸೆ

ಕಾಲಾವಧಿಯನ್ನು ಮೊಟಕುಗೊಳಿಸುವುದಾಗಿ ಹೇಳಿಕೊಳ್ಳುವ ಉಪಕರಣಗಳೂ ಇವೆ. ದಿನಕ್ಕೆ ಕೆಲವು ನಿಮಿಷ ಕಚ್ಚಿ ಹಿಡಿದರೆ ಹಲ್ಲಿಗೆ ಕಂಪನ ನೀಡುವ ಸಾಧನ ಇಂಥವುಗಳಲ್ಲೊಂದು. ಚಿಕಿತ್ಸೆಗಳ ಪರಿಣಾಮವನ್ನು ಸ್ವತಂತ್ರವಾಗಿ ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಗಳಲ್ಲಿ ಇಂಥ ಕಂಪನದಿಂದ ಹೇಳಿಕೊಳ್ಳುವಂಥ ಲಾಭಕ್ಕೆ ನೆಚ್ಚಬಹುದಾದ ಪುರಾವೆ ಸಿಕ್ಕಿಲ್ಲ.

ಅವಸರದ ಇನ್ನೊಂದು ರೂಪ, ವೈದ್ಯರ ಮುಖವನ್ನೇ ನೋಡದೆ ಅಂಚೆಯಲ್ಲಿ ಕವಚ ತರಿಸಿಕೊಳ್ಳುವುದು. ಇದರ ಅತಿ ದೊಡ್ಡ ಪ್ರಯೋಗ ನಡೆದದ್ದು ಅಮೆರಿಕದಲ್ಲಿ. ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ 2014ರಲ್ಲಿ ಆರಂಭವಾದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಕಂಪನಿ, ಮನೆಯಲ್ಲೇ ಹಲ್ಲಿನ ಅಚ್ಚು ತೆಗೆದು ಕಳಿಸಿದರೆ ಕವಚಗಳನ್ನು ನೇರವಾಗಿ ಮನೆಗೆ ತಲಪಿಸುತ್ತಿತ್ತು. ಕ್ಲಿಪ್‌ಗಿಂತ ಬಹಳ ಕಡಿಮೆ ವೆಚ್ಚ, ಸರಾಸರಿ 4ರಿಂದ 6 ತಿಂಗಳು ಎಂಬುದು ಅದರ ಆಕರ್ಷಣೆ. ಕಂಪನಿ 2019ರಲ್ಲಿ ಷೇರು ಮಾರುಕಟ್ಟೆಯನ್ನೂ ಪ್ರವೇಶಿಸಿತು. ಬಾಯಿಯನ್ನು ಖುದ್ದು ಪರೀಕ್ಷಿಸದೆ, ಎಕ್ಸ್‌ರೇ ನೋಡದೆ ಹಲ್ಲು ಸರಿಸುವುದು ಅಪಾಯಕಾರಿ ಎಂದು ಅಲ್ಲಿನ ದಂತವೈದ್ಯರ ಸಂಘಟನೆಗಳು ಆಕ್ಷೇಪಿಸುತ್ತಲೇ ಇದ್ದವು. ಸಾಲದ ಹೊರೆಯಿಂದ 2023ರ ಸೆಪ್ಟೆಂಬರ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದ ಕಂಪನಿ ಅದೇ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಚಿಕಿತ್ಸೆಯ ನಡುವಿನಲ್ಲಿದ್ದವರಿಗೆ ಮುಂದಿನ ಕವಚಗಳೂ ಇಲ್ಲ, ಕೇಳಲು ಜನವೂ ಇಲ್ಲ ಎಂಬ ಸ್ಥಿತಿ ಒದಗಿತು. ಕಂತಿನಲ್ಲಿ ಹಣ ಕಟ್ಟುತ್ತಿದ್ದವರು ಉಳಿದ ಕಂತುಗಳನ್ನು ಕಟ್ಟುತ್ತಲೇ ಇರಬೇಕೆಂದು ಕಂಪನಿ ತಿಳಿಸಿತ್ತು.

ಭಾರತದ ನಗರಗಳಲ್ಲಿ ಮನೆಗೇ ಬಂದು ಹಲ್ಲಿನ ಅಳತೆ ತೆಗೆದುಕೊಳ್ಳುವ ಸೇವೆಗಳು ಕಾಣಿಸಿಕೊಂಡಿರುವುದರಿಂದ ಈ ಪ್ರಸಂಗ ಇಲ್ಲಿಗೂ ಪ್ರಸ್ತುತ. ಅಳತೆ ಮನೆಯಲ್ಲಿ ತೆಗೆದರೆ ದೋಷವಿಲ್ಲ. ಎಕ್ಸ್‌ರೇ ನೋಡಿ ಯೋಜನೆ ಒಪ್ಪುವ ವೈದ್ಯರು ಯಾರು, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬಾಯಿ ನೋಡುವವರು ಯಾರು, ತೊಂದರೆಯಾದರೆ ಯಾರ ಬಳಿಗೆ ಹೋಗಬೇಕು ಎಂಬುದು ಸ್ಪಷ್ಟವಾಗಿರಬೇಕು. ದಂತವೈದ್ಯ ಪದವಿಯಾದ ಬಿ.ಡಿ.ಎಸ್. ನಂತರ ಮೂರು ವರ್ಷ ಇದೇ ವಿಷಯವನ್ನು ಓದಿ ಎಂ.ಡಿ.ಎಸ್. ಪಡೆದ ಆರ್ಥೊಡಾಂಟಿಸ್ಟ್‌ಗಳು ಈ ವಿಭಾಗದ ತಜ್ಞರು. ಸರ್ಕಾರಿ ದಂತ ಮಹಾವಿದ್ಯಾಲಯ ಸೇರಿದಂತೆ ರಾಜ್ಯದ ಹಲವು ದಂತ ಕಾಲೇಜುಗಳಲ್ಲಿ ಇದಕ್ಕೆಂದೇ ವಿಭಾಗಗಳಿವೆ. ಚಿಕಿತ್ಸೆ ಎಲ್ಲೇ ಪಡೆಯುವುದಿದ್ದರೂ ಅಲ್ಲಿ ಒಮ್ಮೆ ಅಭಿಪ್ರಾಯ ಕೇಳಬಹುದು.

ಕ್ಲಿಪ್‌ನಲ್ಲಿ ಬೇಗವೋ, ಕವಚದಲ್ಲಿ ಬೇಗವೋ ಎಂಬ ಪ್ರಶ್ನೆಗೂ ಒಂದೇ ಉತ್ತರವಿಲ್ಲ. ಹಲ್ಲು ಕೀಳಿಸುವ ಅಗತ್ಯವಿಲ್ಲದ ಸಾಧಾರಣ ಪ್ರಕರಣಗಳಲ್ಲಿ ಅಲೈನರ್ ತುಸು ಬೇಗ ಮುಗಿಯುವುದುಂಟು. ಹಲ್ಲು ಕೀಳಿಸುವ, ಬೇರನ್ನೇ ಸರಿಸಬೇಕಾದ ಪ್ರಕರಣಗಳಲ್ಲಿ ಹಳೆಯ ಕ್ಲಿಪ್‌ನ ಹಿಡಿತವೇ ಮೇಲು. ಎರಡನ್ನೂ ಬೆರೆಸಿ, ಕಷ್ಟದ ಚಲನೆಯನ್ನು ಕ್ಲಿಪ್‌ನಿಂದ ಮುಗಿಸಿ ಉಳಿದುದನ್ನು ಕವಚಕ್ಕೆ ಬಿಡುವ ಕ್ರಮವೂ ಇದೆ.

ಕೊನೆಯ ಕವಚದ ನಂತರ

ಕೊನೆಯ ಕವಚ ಕಳಚಿದ ದಿನ ಚಿಕಿತ್ಸೆ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಹೊಸ ಜಾಗಕ್ಕೆ ಬಂದ ಹಲ್ಲಿನ ಸುತ್ತ ಮೂಳೆ ಇನ್ನೂ ಎಳಸಾಗಿರುತ್ತದೆ. ವಸಡಿನ ನಾರುಗಳು ಹೊಸ ಸ್ಥಾನಕ್ಕೆ ಹೊಂದಿಕೊಳ್ಳಲು ಕೆಲವು ತಿಂಗಳು ಬೇಕು. ಅವುಗಳಲ್ಲಿ ರಬ್ಬರಿನಂತೆ ಎಳೆಯುವ ಗುಣವುಳ್ಳವು ಒಂದು ವರ್ಷದ ತನಕವೂ ಹಲ್ಲನ್ನು ಹಿಂದಕ್ಕೆ ಜಗ್ಗುತ್ತವೆ. ತಿರುಗಿಸಿದ ಹಲ್ಲುಗಳು ಮರಳಿ ತಿರುಚಿಕೊಳ್ಳುವುದು ಇದರಿಂದಲೇ.

ಈ ಕಾರಣಕ್ಕೆ ರಿಟೇನರ್ ಎಂಬ ಸಾಧನ ಕಡ್ಡಾಯ. ಅದು ಅಲೈನರ್‌ನಂಥದೇ ಕವಚವಾಗಿರಬಹುದು, ಹಲ್ಲಿನ ಒಳಬದಿಗೆ ಅಂಟಿಸಿದ ತೆಳು ತಂತಿಯೂ ಆಗಿರಬಹುದು. ಮೊದಲ ಕೆಲವು ತಿಂಗಳು ಹಗಲಿರುಳು, ಆಮೇಲೆ ರಾತ್ರಿ ಮಾತ್ರ ಧರಿಸುವುದು ಸಾಮಾನ್ಯ ಕ್ರಮ. ಎಷ್ಟು ವರ್ಷ ಎಂದರೆ, ಹಲ್ಲು ನೇರವಾಗಿ ಇರಬೇಕೆಂದು ಬಯಸುವಷ್ಟು ವರ್ಷ ಎಂಬುದೇ ಪ್ರಾಮಾಣಿಕ ಉತ್ತರ. ಬಾಲ್ಯದಲ್ಲಿ ಎರಡು ವರ್ಷ ಕ್ಲಿಪ್ ಹಾಕಿಕೊಂಡು ರಿಟೇನರ್ ಮೂಲೆಗೆಸೆದವರು ಮೂವತ್ತರ ವಯಸ್ಸಿನಲ್ಲಿ ಮತ್ತೆ ಅಲೈನರ್‌ಗಾಗಿ ಬರುವುದಕ್ಕೆ ಕಾರಣವೂ ಇದೇ.

ಮುಂಗಡ ಕೊಡುವ ಮುನ್ನ

ಹಣ ಕಟ್ಟುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿಯೇ ತೀರಬೇಕು. ಒಟ್ಟು ಕವಚಗಳೆಷ್ಟು, ಪ್ರತಿಯೊಂದನ್ನು ಎಷ್ಟು ದಿನ ಧರಿಸಬೇಕು? ಎರಡನೇ ಸರಣಿ ಬೇಕಾದರೆ ಅದು ಈಗ ಹೇಳಿದ ಅವಧಿ ಮತ್ತು ಶುಲ್ಕದಲ್ಲಿ ಸೇರಿದೆಯೇ? ಯಾವ ಹಲ್ಲಿನ ಚಲನೆ ಕಷ್ಟದ್ದು, ಅದಕ್ಕೆ ಕ್ಲಿಪ್ ಬೇಕಾದೀತೇ? ಕವಚ ಕಳೆದುಹೋದರೆ ಏನು ಮಾಡಬೇಕು? ಊರು ಬಿಟ್ಟು ಹೋಗಬೇಕಾದರೆ ಚಿಕಿತ್ಸೆಯ ದಾಖಲೆಗಳು ಸಿಗುತ್ತವೆಯೇ? ರಿಟೇನರ್‌ನ ವೆಚ್ಚ ಪ್ರತ್ಯೇಕವೇ? ಇವಕ್ಕೆ ನೇರ ಉತ್ತರ ಸಿಕ್ಕರೆ ಅವಧಿಯ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆಯೇ.

ಮದುವೆಗೆ ಆರು ತಿಂಗಳಿದ್ದು ಹಲ್ಲಿನ ದೋಷ ದೊಡ್ಡದಿದ್ದರೆ, ಅಷ್ಟರೊಳಗೆ ಎಲ್ಲವನ್ನೂ ಮುಗಿಸುವ ಭರವಸೆಯ ಹಿಂದೆ ಬೀಳುವುದಕ್ಕಿಂತ, ಕವಚ ಧರಿಸಿಕೊಂಡೇ ಹಸೆಮಣೆ ಏರುವುದು ಮೇಲು. ತಾಳಿ ಕಟ್ಟುವ ಹೊತ್ತಿಗೆ, ಫೋಟೊ ತೆಗೆಯುವ ಹೊತ್ತಿಗೆ ಅದನ್ನು ಕಳಚಿ ಡಬ್ಬಿಯಲ್ಲಿಟ್ಟು, ಊಟ ಮುಗಿದ ಮೇಲೆ ಮರೆಯದೆ ಮತ್ತೆ ತೊಟ್ಟರಾಯಿತು. ಮುಹೂರ್ತವನ್ನು ಪಂಚಾಂಗ ನೋಡಿ ಇಡಬಹುದು. ಮೂಳೆ ಕರಗಿ ಕಟ್ಟುವ ಕೆಲಸಕ್ಕೆ ಮುಹೂರ್ತ ಇಡಲಾಗದು.